ನನ್ನ ಪಾಲಿಗೆ ಬಂದ ಚೀಟಿ

೯ ಫೆಬ್ರವರಿ, ಭಾನುವಾರ
ಮನೆಯಿಂದ

ಮುದ್ದು ಮಗಳೇ,

ನಾವಿಬ್ಬರೂ ಇಲ್ಲಿ ಕ್ಷೇಮ. ನಿಮ್ಮಪ್ಪನ ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ. ನೀವು ಮೂವರೂ ಅಲ್ಲಿ ಚೆನ್ನಾಗಿದ್ದೀರೆಂದು ಅಂದುಕೊಂಡೇ ಬರೆಯುತ್ತಿದ್ದೇನೆ. ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು, ಉತ್ತರ ತಡವಾಯಿತೆಂದು ಬಯ್ಯಬೇಡ. ಬರೆಯಲು ಕೂರದೆ ಇರಲಿಲ್ಲ. ಪ್ರತಿ ಸಲವೂ ನಾಲ್ಕು ಸಾಲು ಬರೆಯುವಷ್ಟರಲ್ಲಿ ಸಿಟ್ಟು ನೆತ್ತಿಗೇರುತ್ತಿತ್ತು. ಸಿಟ್ಟಿನಲ್ಲಿ ಬರೆದದ್ದು ಮಗಳಿಗೆ ಕಳಿಸುವಂಥದ್ದಲ್ಲ ಎಂದು ಹರಿದು ಹಾಕುತ್ತಿದ್ದೆ. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನಾನು ವಿಷಯಕ್ಕೆ ಬರುವ ಹೊತ್ತಿಗೆ ಸರಿಯಾಗಿ ನಿನಗೆ ಪಾಠ ಹೇಳಲು ಕ್ಲಾಸಿಗೆ ಹೊತ್ತಾಗಿರುತ್ತದೆ. ಕಾಗದಕ್ಕಾದರೆ ಯಾರೂ ಗಂಟೆ ಹೊಡೆಯುವುದಿಲ್ಲ.

ಚಿಕ್ಕವಳ ಮುಂದಿನ ಹಲ್ಲು ಬಿತ್ತೆಂದು ಬರೆದಿದ್ದೀಯ. ನಿಮ್ಮಪ್ಪ ಆ ಸಾಲನ್ನು ಎರಡು ಸಲ ಓದಿಸಿಕೊಂಡರು. 'ಅವಳ ಅಮ್ಮ ಹಲ್ಲು ಬಿದ್ದಾಗ ಒಂದು ವಾರ ಬಾಯಿ ಮುಚ್ಚಿಕೊಂಡಿದ್ದಳು, ಈ ಮನೆಯಲ್ಲಿ ಅಷ್ಟು ಶಾಂತಿ ಮತ್ತೆ ಬರಲೇ ಇಲ್ಲ' ಎಂದರು. ಅವರ ಔಷಧದಂಗಡಿಯನ್ನು ಮಾರಿದ ಮೇಲೆ ಮನೆಯ ನಲ್ಲಿಗಳಿಗೆಲ್ಲ ಅವರೇ ವೈದ್ಯರು. ಅಡುಗೆಮನೆಯ ನಲ್ಲಿ ಮೊದಲು ಹನಿ ಹನಿ ಸೋರುತ್ತಿತ್ತು, ಇವರ ಚಿಕಿತ್ಸೆಯಾದ ಮೇಲೆ ಧಾರೆಯಾಗಿ ಸೋರುತ್ತಿದೆ.

ನಿಮ್ಮ ವಿಶ್ವವಿದ್ಯಾಲಯದವರು ನನ್ನ ಉಪನ್ಯಾಸವನ್ನು ಮುಂದಕ್ಕೆ ಹಾಕಿದ್ದು ನಿನಗೆ ಗೊತ್ತೇ ಇರಬೇಕು. ಸಭಾಂಗಣದ ಚಾವಣಿ ರಿಪೇರಿ ಎಂದು ಬರೆದಿದ್ದಾರೆ. ಮುಂದಕ್ಕೆ ಎಂದರೆ ಯಾವಾಗ ಎಂದು ಬರೆದಿಲ್ಲ. ಈ ಅವಧಿ ಮುಗಿದರೆ ನನಗೆ ನಿವೃತ್ತಿ. ಆಮೇಲೆ ಯಾರು ಕರೆಯುತ್ತಾರೆ, ಕರೆದರೂ ಯಾರ ಪರವಾಗಿ ಮಾತನಾಡಲಿ? ಇಲ್ಲಿ ನಡೆದದ್ದನ್ನು ತುಂಬಿದ ಸಭೆಯಲ್ಲಿ, ಎದ್ದು ನಿಂತು ಪ್ರಶ್ನೆ ಕೇಳುವವರ ಎದುರಿಗೆ, ಒಂದೇ ಒಂದು ಸಲ ಪೂರ್ತಿ ಹೇಳಿಬಿಡಬೇಕು ಎಂದು ಆಸೆಪಟ್ಟಿದ್ದೆ. ಇಲ್ಲಿ ನನಗೆ ಅಂಥ ಜಾಗ ಉಳಿದಿಲ್ಲ. ಅಲ್ಲೊಂದು ಸಿಕ್ಕಿತ್ತು. ಇರಲಿ, ಸಭೆ ತಪ್ಪಿದರೇನು, ಮಗಳಿದ್ದಾಳೆ. ನೀನು ಅವರಿವರಿಂದ ಕೇಳಿರುವುದು ತುಂಡು ತುಂಡು. ಪೂರ್ತಿ ಕೇಳು.

ಕೊಡೆ ಮಾಮನಿಂದ ಶುರುಮಾಡಬೇಕು. ಸುಡುಬಿಸಿಲಿನಲ್ಲೂ ಕಂಕುಳಲ್ಲಿ ಕೊಡೆ ಇಟ್ಟುಕೊಂಡು ಬರುತ್ತಾನೆಂದು ನೀನು ಪುಟ್ಟವಳಿದ್ದಾಗ ಇಟ್ಟ ಹೆಸರು ಅವನಿಗೆ ಎಷ್ಟು ಅಂಟಿಕೊಂಡಿತೆಂದರೆ, ಅವನ ಹೆಂಡತಿ ಕೂಡ ನಮ್ಮ ಮನೆಗೆ ಫೋನ್ ಮಾಡಿದರೆ 'ಕೊಡೆ ಮಾಮ ಅಲ್ಲಿದ್ದಾರಾ' ಎಂದೇ ಕೇಳುತ್ತಿದ್ದಳು. ನಾನೂ ಅವನೂ ಕಾಲೇಜಿನಲ್ಲಿ ಸಹಪಾಠಿಗಳು. ಒಂದೇ ವರ್ಷ ಇಲ್ಲಿ ಕೆಲಸಕ್ಕೆ ಸೇರಿದೆವು, ಅವನು ತತ್ವಶಾಸ್ತ್ರಕ್ಕೆ, ನಾನು ರಾಜ್ಯಶಾಸ್ತ್ರಕ್ಕೆ. ಶುಕ್ರವಾರದ ಚರ್ಚೆಯನ್ನು ಶುರುಮಾಡಿದ್ದೂ ನಾವಿಬ್ಬರೇ. ಹಳೆಯ ಗ್ರಂಥಾಲಯದ ಪಕ್ಕದ ಆ ಕೋಣೆ, ತೆರೆದರೆ ಮುಚ್ಚದ, ಮುಚ್ಚಿದರೆ ತೆರೆಯದ ಆ ಕಿಟಕಿ, ಉದ್ದನೆಯ ಮೇಜು, ಎಲ್ಲವೂ ನಿನಗೆ ನಮ್ಮ ಮನೆಯಷ್ಟೇ ಪರಿಚಯ.

ಮೊದಮೊದಲು ಅಲ್ಲಿ ಅವರವರ ಅಭಿಪ್ರಾಯವನ್ನು ಅವರವರು ಹೇಳುತ್ತಿದ್ದರು. ಅದರಿಂದ ಆದದ್ದೇನೆಂದರೆ ಮೂರು ಜನ ಮಾತು ಬಿಟ್ಟರು, ಇಬ್ಬರು ಎದುರಿಗೆ ಸಿಕ್ಕರೆ ರಸ್ತೆ ದಾಟತೊಡಗಿದರು. ಆಗ ಕೊಡೆ ಮಾಮ ಒಂದು ಖಾಲಿ ಬಿಸ್ಕತ್ತಿನ ಡಬ್ಬಿ ತಂದ. ಅದರಲ್ಲಿ ಮಡಚಿದ ಚೀಟಿಗಳು. ಅರ್ಧದಲ್ಲಿ 'ಪರ', ಅರ್ಧದಲ್ಲಿ 'ವಿರೋಧ'. ಯಾರ ಕೈಗೆ ಯಾವ ಚೀಟಿ ಬರುತ್ತದೋ ಆ ಕಡೆಯಿಂದ ಅವರು ಪ್ರಾಣ ಕೊಟ್ಟು ವಾದಿಸಬೇಕು. ತಮ್ಮ ಮನಸ್ಸಿನಲ್ಲಿ ಏನಿದೆ ಎನ್ನುವುದನ್ನು ಆ ಕೋಣೆಯಲ್ಲಿ ಯಾರೂ ಹೇಳುವ ಹಾಗಿಲ್ಲ, ಯಾರೂ ಕೇಳುವ ಹಾಗಿಲ್ಲ. 'ಮನಸ್ಸಲ್ಲಿರೋದನ್ನ ಹೇಳೋದಕ್ಕೆ ಬುದ್ಧಿ ಯಾಕೆ ಬೇಕು, ಹೊಟ್ಟೆಯುರಿ ಸಾಕು' ಎನ್ನುತ್ತಿದ್ದ. ಇನ್ನೊಂದು ನಿಯಮ ನನ್ನದು. ಎದುರಾಳಿಗೆ ಉತ್ತರ ಕೊಡುವ ಮುಂಚೆ ಅವನ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಿ ತೋರಿಸಬೇಕು. ಅವನು ತಲೆಯಾಡಿಸಿ 'ಹೌದು, ಇದೇ ನನ್ನ ಮಾತು' ಎನ್ನಬೇಕು. ಆಮೇಲೆಯೇ ಉತ್ತರ.

ಬೇಸಿಗೆ ರಜೆ ಬೇಕೇ ಬೇಡವೇ ಎಂಬ ವಿಷಯಕ್ಕೆ ನಿನ್ನ ಕೈಗೂ ಒಂದು ದಿನ ಚೀಟಿ ಕೊಟ್ಟಿದ್ದೆವು, ನೆನಪಿದೆಯೇ? ನಿನಗೆ 'ವಿರೋಧ' ಬಂತು. ರಜೆ ಬೇಡ ಎಂದು ಮೂಗು ಒರೆಸಿಕೊಳ್ಳುತ್ತಾ, ಬಿಕ್ಕುತ್ತಾ ವಾದಿಸಿದೆ, ಗೆದ್ದೆ. ಗೆದ್ದ ಮೇಲೆ ರಜೆ ನಿಜವಾಗಿಯೂ ಹೋಯಿತೆಂದು ಇನ್ನೂ ಜೋರಾಗಿ ಅತ್ತೆ. ಕೊಡೆ ಮಾಮ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಮಾಧಾನ ಮಾಡಿದ.

ಈಗ ಹೋದ ವರ್ಷಕ್ಕೆ ಬರೋಣ. ನದಿಯ ನೀರನ್ನು ಪರೀಕ್ಷೆ ಮಾಡುವ ಒಬ್ಬ ಸಂಶೋಧಕಿಯನ್ನು ನಮ್ಮ ವಿದ್ಯಾರ್ಥಿಗಳು ಭಾಷಣಕ್ಕೆ ಕರೆದಿದ್ದರು. ಆಕೆ ಹೇಳಲಿದ್ದದ್ದು ಊರಾಚೆಯ ಕಾರ್ಖಾನೆ ನದಿಗೆ ಏನೇನು ಬಿಡುತ್ತಿದೆ ಎಂದು. ಆ ಕಾರ್ಖಾನೆಯ ಯಜಮಾನನೇ ನಮ್ಮ ಹೊಸ ಕಟ್ಟಡ ಕಟ್ಟಿಸಿಕೊಟ್ಟವನು. ಹೊಸ ಕುಲಪತಿ ಆ ಭಾಷಣ ಬೇಡ ಎಂದು ಬಾಯಿಬಿಟ್ಟು ಹೇಳಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಆ ಜಾತಿಯ ಮನುಷ್ಯ. ಆ ದಿನ ವಿದ್ಯುತ್ ಇರುವುದಿಲ್ಲ, ಈ ದಿನ ಪರೀಕ್ಷೆ, ಎಂದು ಸಾಗಿಸುತ್ತಿದ್ದರು. ಹುಡುಗರು ರೋಸಿಹೋಗಿ ಅದನ್ನೇ ಶುಕ್ರವಾರದ ವಿಷಯ ಮಾಡಿದರು: ವಿಶ್ವವಿದ್ಯಾಲಯದಲ್ಲಿ ಯಾರು ಮಾತನಾಡಬೇಕೆಂದು ಆಡಳಿತ ತೀರ್ಮಾನಿಸಬಹುದೇ?

ಡಬ್ಬಿ ನನ್ನ ಹತ್ತಿರ ಬಂತು. ಚೀಟಿ ಬಿಚ್ಚಿದೆ. 'ಪರ.'

ಮಗಳೇ, ನನ್ನ ಜೀವಮಾನವೆಲ್ಲ ಯಾವುದರ ವಿರುದ್ಧ ಪಾಠ ಹೇಳಿದೆನೋ ಅದರ ಪರವಾಗಿ ನಾನು ಅವತ್ತು ನಿಂತೆ, ಚೆನ್ನಾಗಿಯೂ ನಿಂತೆ. ಅರೆಮನಸ್ಸಿನಿಂದ ವಾದಿಸುವುದು ಆ ಕೋಣೆಗೆ ಮಾಡುವ ಅವಮಾನ ಎಂದು ನಾವೇ ಹುಡುಗರಿಗೆ ಹೇಳಿಕೊಟ್ಟವರಲ್ಲವೇ. ಹುಡುಗರು ಮೊದಲು ನಕ್ಕರು, ಆಮೇಲೆ ಸುಮ್ಮನಾದರು, ಕೊನೆಗೆ ಚಪ್ಪಾಳೆ ಹೊಡೆದರು. ವಿರೋಧದ ಚೀಟಿ ಕೊಡೆ ಮಾಮನದು. ಅವನು ಎದ್ದು ನಿಯಮದ ಪ್ರಕಾರ ನನ್ನ ಮಾತನ್ನು ತಿರುಗಿ ಹೇಳಿದ. ನಾನು ಅರ್ಧ ಗಂಟೆ ಹೇಳಿದ್ದನ್ನು ಅವನು ಕಡೆದು ಬೆಣ್ಣೆ ತೆಗೆದ ಹಾಗೆ ತೆಗೆದ: 'ವಿಶ್ವವಿದ್ಯಾಲಯ ಯಾರು ಬೇಕಾದರೂ ಬಂದು ಕೂಗುವ ಸಂತೆಯಲ್ಲ. ಮಕ್ಕಳನ್ನು ಒಪ್ಪಿಸಿಕೊಂಡವರಿಗೆ ಅವರ ಕಿವಿಗೆ ಏನು ಬೀಳುತ್ತದೆಂದು ನೋಡುವ ಹೊಣೆಯೂ ಇದೆ. ಬಾಗಿಲಿನ ಕೀಲಿ ಕೈಯಲ್ಲಿಲ್ಲದ ಹೊಣೆ ಬರೀ ಹೊರೆ.'

ಎಷ್ಟು ಚೆನ್ನಾಗಿ ಹೇಳಿದ! ನನಗೆ ಸಂತೋಷವಾಯಿತು. ತಲೆಯಾಡಿಸಿ, ಎಲ್ಲರಿಗೂ ಕೇಳುವ ಹಾಗೆ, 'ಹೌದು, ಇದೇ ನನ್ನ ಮಾತು' ಎಂದೆ. ಆಮೇಲೆ ಅವನು ಕೊಟ್ಟ ಉತ್ತರ ಮಾತ್ರ ಸಪ್ಪೆಯಾಗಿತ್ತು. ಆರೋಗ್ಯ ಸರಿಯಿಲ್ಲವೇನೋ ಎಂದುಕೊಂಡು ಬರುವಾಗ ದಾರಿಯಲ್ಲಿ ಕೇಳಿದೆ ಕೂಡ. ಸ್ವಲ್ಪ ತಲೆನೋವು ಎಂದ.

ಮುಂದಿನ ತಿಂಗಳು ಸುತ್ತೋಲೆ ಬಂತು. ಇನ್ನು ಮೇಲೆ ಯಾವ ಭಾಷಣ, ಯಾವ ಚರ್ಚೆ, ತರಗತಿಗೆ ಕರೆಯುವ ಯಾವ ಅತಿಥಿಯೇ ಆಗಲಿ, ಮೊದಲು ಕುಲಪತಿಗಳ ಕಚೇರಿಯ ಲಿಖಿತ ಅನುಮತಿ ಬೇಕು. ಕಾರಣ ಹೇಳದೆ ನಿರಾಕರಿಸುವ ಅಧಿಕಾರವೂ ಅವರಿಗಿದೆ. ಅದರ ಮೊದಲ ಪ್ಯಾರಾವನ್ನು ನಿಂತಲ್ಲೇ ಮತ್ತೊಮ್ಮೆ ಓದಿದೆ. 'ನಮ್ಮ ಹಿರಿಯ ಪ್ರಾಧ್ಯಾಪಕಿಯೊಬ್ಬರೇ ಬಹಿರಂಗ ಚರ್ಚೆಯಲ್ಲಿ ಪ್ರತಿಪಾದಿಸಿರುವಂತೆ' ಎಂದು ಶುರುಮಾಡಿ, ಅದೇ ಸಂತೆ, ಅದೇ ಕೀಲಿ, ಅದೇ ಹೊರೆ. ಕಾಮಾ ಕೂಡ ಬಿಟ್ಟಿರಲಿಲ್ಲ. ನೋಟೀಸ್ ಬೋರ್ಡಿನ ಮುಂದೆ ನಿಂತಿದ್ದ ಹುಡುಗರು ನನ್ನನ್ನು ಕಂಡು ದಾರಿ ಬಿಟ್ಟರು. ಗೌರವಕ್ಕೆ ಬಿಡುವ ದಾರಿ ಬೇರೆ ಥರ ಇರುತ್ತದೆ.

ನದಿಯ ಸಂಶೋಧಕಿಯ ಭಾಷಣ ಮೊದಲು ಹೋಯಿತು. ಆಕೆ ನನಗೊಂದು ಚಿಕ್ಕ ಸಂದೇಶ ಕಳಿಸಿದಳು, 'ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ' ಎಂದು. ಶುಕ್ರವಾರದ ಚರ್ಚೆಗೆ ಅನುಮತಿ ಕೇಳಿ ನಾನು ಬರೆದ ಅರ್ಜಿಗೆ ಉತ್ತರವೇ ಬರಲಿಲ್ಲ. ಹತ್ತು ಜನ ಸೇರಿ ಕೂತು ಮಾತನಾಡಲು ಅರ್ಜಿ! ನಿಮ್ಮಪ್ಪ ಅದನ್ನು ಕೇಳಿ, ಇನ್ನು ಅಡುಗೆಮನೆಯಲ್ಲಿ ಮಾತನಾಡಲು ಯಾರ ಸಹಿ ಬೇಕು ಎಂದರು.

ನನಗೆ ಇನ್ನೂ ಧೈರ್ಯವಿತ್ತು. ವಿದ್ಯಾವಿಷಯಕ ಪರಿಷತ್ತಿನ ಸಭೆ ಬರಲಿದೆ, ಅಲ್ಲಿ ಎದ್ದು ನಿಂತು ಹೇಳಿದರಾಯಿತು. ಚೀಟಿಯ ಪದ್ಧತಿ ಇಡೀ ವಿಶ್ವವಿದ್ಯಾಲಯಕ್ಕೇ ಗೊತ್ತು, ಸಾಕ್ಷಿಗೆ ಕೊಡೆ ಮಾಮ ಇದ್ದಾನೆ, ಡಬ್ಬಿ ತಂದವನೇ ಅವನು. ಸುತ್ತೋಲೆಯ ಬುಡವೇ ಸುಳ್ಳೆಂದು ತೋರಿಸಿದರೆ ಅದು ಬಿದ್ದುಹೋಗುತ್ತದೆ ಎಂದು ಲೆಕ್ಕ ಹಾಕಿದೆ. ಸಭೆಯ ಹಿಂದಿನ ದಿನ ಅವನಿಗೆ ಫೋನ್ ಮಾಡಿದಾಗ 'ನೋಡೋಣ' ಎಂದ. ಅವನು ಯಾವಾಗಲೂ ಹಾಗೆಯೇ, ಊಟಕ್ಕೆ ಬಾ ಎಂದರೂ ನೋಡೋಣ ಎನ್ನುವವನು.

ಸಭೆಯಲ್ಲಿ ನಾನು ಹೇಳುವುದನ್ನೆಲ್ಲ ಕುಲಪತಿಗಳು ನಗುನಗುತ್ತಾ ಕೇಳಿದರು. ಆಮೇಲೆ ಸುತ್ತೋಲೆಯನ್ನು ನನ್ನ ಕಡೆ ತಿರುಗಿಸಿ, "ಮೇಡಂ, ಇದು ನೀವು ಆಡಿದ ಮಾತೇ ಅಲ್ವಾ?" ಎಂದರು.

"ಆಡಿದ್ದು ಹೌದು ಸರ್. ನನ್ನ ಅಭಿಪ್ರಾಯ ಅಲ್ಲ. ನನಗೆ ಬಂದಿದ್ದು ಪರ ಅನ್ನೋ ಚೀಟಿ."

ಸುತ್ತಲೂ ಒಂದಿಬ್ಬರು ನಕ್ಕರು. ಕುಲಪತಿಗಳು ಕೊಡೆ ಮಾಮನ ಕಡೆ ತಿರುಗಿ, ನೀವೂ ಇದ್ದಿರಲ್ಲ, ಏನು ನಡೆಯಿತು ಹೇಳಿ ಎಂದರು. ಅವನು ಎದ್ದು ನಿಂತ. ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ.

"ಅವರು ವಾದ ಮಾಡಿದ್ರು ಸರ್. ನಾನು ಅದನ್ನ ತಿರುಗಿ ಹೇಳ್ದೆ. ಹೌದು, ಇದೇ ನನ್ನ ಮಾತು ಅಂತ ಅವರು ತಲೆ ಆಡಿಸಿದ್ರು."

"ಅದೇನೋ ಚೀಟಿ ಅಂತಿದಾರಲ್ಲ?"

"ಚೀಟಿ ವಿಚಾರ ನನಗೆ ಸರಿಯಾಗಿ ನೆನಪಿಲ್ಲ ಸರ್."

ಅಷ್ಟೇ ಹೇಳಿ ಕೂತ. ಕಾಲೇಜಿನ ದಿನದಿಂದಲೂ ನಾಲ್ಕು ಜನರ ಮುಂದೆ 'ಇವಳು' ಎನ್ನುತ್ತಿದ್ದವನ ಬಾಯಲ್ಲಿ ನಾನು ಅವತ್ತು 'ಅವರು' ಆಗಿದ್ದೆ. ಮೊದಲು ನನಗೆ ಚುಚ್ಚಿದ್ದು ಅದೇ. ಚೀಟಿಯ ಮಾತು ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು. ಮಾತೇ ಹೊಟ್ಟೆಪಾಡಾಗಿರುವ ನಿನ್ನಮ್ಮ ನೀರಿನ ಲೋಟ ಹಿಡಿದುಕೊಂಡು ಸುಮ್ಮನೆ ಕೂತಿದ್ದಳು. ಸಭೆ ಮುಂದಿನ ವಿಷಯಕ್ಕೆ ಹೋಯಿತು, ಸೈಕಲ್ ನಿಲ್ಲಿಸುವ ಜಾಗದ ವಿಷಯ.

ಅವನೀಗ ಡೀನ್. ನನ್ನ ಜೊತೆಗೇ ನಿವೃತ್ತನಾಗಬೇಕಿದ್ದವನಿಗೆ ಇನ್ನೆರಡು ವರ್ಷ ಸೇವೆ ಮುಂದುವರಿಸಿದ್ದಾರೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಾರೆ, ನಮ್ಮಲ್ಲಿ ಕೆಲವರು ನೀರನ್ನು ಮೊದಲೇ ಕುಡಿದಿಟ್ಟುಕೊಂಡಿರುತ್ತಾರೆ.

ಸಭೆಯಾದ ಮೇಲೆ ಒಂದು ವಾರ ತಡೆದುಕೊಂಡೆ. ಆಮೇಲೆ ಒಂದು ಸಂಜೆ ಅವನ ಮನೆಗೆ ಹೋದೆ. ನಿಮ್ಮಪ್ಪ ಬೇಡ ಎಂದರು, ಹೋಗುವುದಾದರೆ ಕೈಯಲ್ಲಿ ಭಾರದ ವಸ್ತು ಏನೂ ಇಟ್ಟುಕೊಳ್ಳಬೇಡ ಎಂದರು. ಅವನ ಹೆಂಡತಿ ಚಹಾ ತಂದಿಟ್ಟು, ನನ್ನ ಮುಖ ನೋಡದೆ ಒಳಗೆ ಹೋದಳು. ಪಾಪ, ಅವಳಿಗೆ ಎಲ್ಲ ಗೊತ್ತು.

"ನಾನು ಸುಳ್ಳು ಹೇಳಿಲ್ಲ ಕಣೆ" ಎಂದು ಅವನೇ ಶುರುಮಾಡಿದ.

"ನೆನಪಿಲ್ಲ ಅಂದ್ಯಲ್ಲ, ಅದೇನು?"

ಅವನು ಮಾತು ತಿರುಗಿಸಿ ಬೇರೆ ಕಡೆಯಿಂದ ಬಂದ. "ನಿನ್ನ ಮಾತು ಅವತ್ತು ನನಗೆ ನಿಜವಾಗ್ಲೂ ಸರಿ ಅನ್ನಿಸ್ತು. ಚರ್ಚೆ ಮಾಡೋದೇ ಮನಸ್ಸು ಬದಲಾಗ್ಲಿ ಅಂತ ತಾನೇ? ನನ್ನ ಮನಸ್ಸು ಬದಲಾಯ್ತು. ಅದು ತಪ್ಪಾ?"

ನೀನೇ ಹೇಳು, ಇದಕ್ಕೆ ಏನನ್ನಲಿ? ಎದುರಾಳಿಯ ಮಾತಿನಿಂದ ಮನಸ್ಸು ಬದಲಾಯಿಸಿಕೊಳ್ಳುವವನೇ ದೊಡ್ಡ ಮನುಷ್ಯ ಎಂದು ಹುಡುಗರಿಗೆ ಹೇಳುತ್ತಾ ಬಂದವಳು ನಾನು. ಆದರೆ ಕೊನೆಗೆ ಹೇಳಿದೆ, "ಬದಲಾಗಿದ್ರೆ ಸಭೇಲಿ ಹಾಗೇ ಹೇಳ್ಬೇಕಿತ್ತು. ಇವಳಿಗೆ ಬಂದಿದ್ದು ಪರ ಚೀಟಿ, ಇವಳು ಇದನ್ನ ನಂಬಲ್ಲ, ಆದ್ರೆ ಈಗ ನಾನು ನಂಬ್ತೀನಿ ಅಂತ. ನಾನು ಎದ್ದು ನಿಂತು ಚಪ್ಪಾಳೆ ಹೊಡೀತಿದ್ದೆ."

ಅವನಿಗೆ ಸಕ್ಕರೆ ಕಾಯಿಲೆ, ಚಹಾಕ್ಕೆ ಸಕ್ಕರೆ ಇಲ್ಲ. ಆ ಬರೀ ಚಹಾವನ್ನು ಚಮಚದಿಂದ ಕಲಕುತ್ತಲೇ ಕೂತ. "ನಿನಗೆ ಮನೆ ಇದೆ, ಮಾತಾಡೋಕೆ ಗಂಡ ಇದ್ದಾನೆ, ಮಗಳು ಮೊಮ್ಮಗಳು ಇದ್ದಾರೆ. ನಾನು ಆ ಕೆಲಸ ಬಿಟ್ಟು ಮನೇಲಿ ಕೂತ್ರೆ ಆರು ತಿಂಗಳಲ್ಲಿ ಸತ್ತು ಹೋಗ್ತೀನಿ ಅನ್ಸುತ್ತೆ" ಎಂದ. ಇದು ಅವನು ಅವತ್ತು ಆಡಿದ ನಿಜವಾದ ಮಾತು. ಎದ್ದು ಬಂದೆ.

ಅಡುಗೆಮನೆಯಲ್ಲಿ ಏನೋ ಬಿದ್ದ ಶಬ್ದ. ನಿಮ್ಮಪ್ಪ ಏನೂ ಆಗಿಲ್ಲ ಎನ್ನುತ್ತಿದ್ದಾರೆ, ಹಾಗಾದರೆ ಏನೋ ಆಗಿದೆ. ನಾಳೆ ಮುಂದುವರಿಸುತ್ತೇನೆ.

ಸೋಮವಾರ

ನಲ್ಲಿಯ ತಲೆಯೇ ಕಿತ್ತು ಬಂದಿತ್ತು. ಕೊನೆಗೂ ಕೊಳಾಯಿ ಕೆಲಸದವನನ್ನು ಕರೆಸಿದೆ. ಇದಕ್ಕೆ ಮುಂಚೆ ಯಾರೋ ಕೈ ಹಾಕಿ ಕೆಡಿಸಿದ್ದಾರೆ ಎಂದು ಅವನು ಹೇಳಿದ. ನಿಮ್ಮಪ್ಪ ಪೇಪರ್ ಓದುತ್ತಾ ಕೂತಿದ್ದರು, ಆ ಯಾರೋ ಎಂಥ ಅವಿವೇಕಿ ಎನ್ನುವ ಹಾಗೆ ತಲೆಯಾಡಿಸಿದರು.

ನಿನ್ನೆ ಬರೆದದ್ದನ್ನು ಓದಿದೆ. ಬರೀ ದೂರು, ಬರೀ ಗೋಳು ಅನ್ನಿಸಿತು. ಎಲ್ಲರೂ ಕೈ ಬಿಟ್ಟರು ಎಂದರೆ ಅದೂ ಸುಳ್ಳಾಗುತ್ತದೆ. ನನ್ನ ಬಳಿ ಸಂಶೋಧನೆ ಮಾಡುತ್ತಿರುವ ಹುಡುಗಿ ಇದ್ದಾಳಲ್ಲ, ಹೋದ ಸಲ ನೀನು ಬಂದಾಗ ನಿನಗೆ ಬಸ್ ನಿಲ್ದಾಣದವರೆಗೆ ಪೆಟ್ಟಿಗೆ ಹೊತ್ತುಕೊಟ್ಟವಳು, ಅವಳ ವಿಷಯ ಹೇಳಬೇಕು. ಆ ಶುಕ್ರವಾರ ಅವಳೂ ಕೋಣೆಯಲ್ಲಿದ್ದಳು. ನಾನು ಚೀಟಿ ಬಿಚ್ಚುವಾಗ ಪಕ್ಕದಲ್ಲೇ ಕೂತು ಇಣುಕಿ ನೋಡಿ ಕಿಸಕ್ಕೆಂದು ನಕ್ಕಿದ್ದಳು. ಪರಿಷತ್ತಿನ ಸಭೆಯಾದ ಮಾರನೆಯ ದಿನ ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು. ಕೂರಲಿಲ್ಲ.

"ಮೇಡಂ, ನಾನು ನೋಡಿದ್ದೀನಿ. ಆದ್ರೆ ನಾನು ಹೇಳಲ್ಲ. ಅವರೇ ಡೀನ್ ಆಗ್ತಾರಂತೆ, ನನ್ನ ಪ್ರಬಂಧಕ್ಕೆ ಅವರ ಸಹಿ ಬೇಕು. ನಮ್ಮನೇಲಿ ಓದಿದವಳು ನಾನೊಬ್ಬಳೇ. ನೀವು ಬೈದ್ರೂ ಬೈಸ್ಕೊತೀನಿ."

ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಬದಲಿಗೆ ಅವಳನ್ನು ಕೂರಿಸಿ, ಅವಳ ಮೂರನೆಯ ಅಧ್ಯಾಯದಲ್ಲಿದ್ದ ತಪ್ಪುಗಳನ್ನು ತೋರಿಸಿದೆ. ಇಬ್ಬರೂ ಪೆನ್ಸಿಲ್ ಹಿಡಿದು ಸಂಜೆಯವರೆಗೆ ಕೂತೆವು. ಇಷ್ಟೆಲ್ಲದರ ನಡುವೆ ಆ ಒಂದು ದಿನವೇ ನನಗೆ ಹಗುರಾಗಿದ್ದದ್ದು. ಯಾಕೆಂದು ಆಮೇಲೆ ಯೋಚಿಸಿದೆ. ಅವಳು ನನ್ನ ಮುಖಕ್ಕೇ ಹೇಳಿದಳು. ನನಗೆ ನಿಮ್ಮ ಪರ ನಿಲ್ಲಲು ಆಗುವುದಿಲ್ಲ, ಕಾರಣ ಇದು ಎಂದಳು. ಅಷ್ಟು ಸಾಕು ಮನುಷ್ಯರಿಗೆ. ನಾನು ಇಷ್ಟು ವರ್ಷ ಆ ಕೋಣೆಯಲ್ಲಿ ಕಲಿಸಿದ್ದು ಬಹುಶಃ ಅದೊಂದೇ, ಇನ್ನೊಬ್ಬರ ಎದುರು ಕೂತು ಮಾತನಾಡುವುದು, ಬೆನ್ನ ಹಿಂದೆ ಅಲ್ಲ.

ಉಳಿದ ಹುಡುಗರ ಬಗ್ಗೆ ಹಾಗೆ ಹೇಳಲಾರೆ. ಚೀಟಿ ಬರೀ ನೆಪ, ಅಷ್ಟು ಚೆನ್ನಾಗಿ ವಾದಿಸಿದವಳು ಅದನ್ನು ನಂಬಿಯೇ ಇರಬೇಕು ಎಂದು ಅವರು ಮಾತಾಡಿಕೊಳ್ಳುತ್ತಾರಂತೆ. ನನ್ನ ಕೋಣೆಯ ಬಾಗಿಲ ಮೇಲೆ ಯಾರೋ ಸೀಮೆಸುಣ್ಣದಿಂದ ದೊಡ್ಡದೊಂದು ಬೀಗದ ಚಿತ್ರ ಬರೆದಿದ್ದರು. ಅಟೆಂಡರ್ ಒದ್ದೆ ಬಟ್ಟೆ ತಂದು ಒರೆಸಿದ, ಆದರೂ ಬಿಸಿಲು ಬಿದ್ದಾಗ ಅದರ ಬಿಳಿ ಕಾಣುತ್ತದೆ. ಬರೆದವರು ಯಾರೇ ಇರಲಿ, ಒಳಗೆ ಬಂದು ಕೇಳಿದ್ದರೆ ಹೇಳುತ್ತಿದ್ದೆ. ಯಾರೂ ಬರಲಿಲ್ಲ. ನನ್ನ ತರಗತಿಗಳಲ್ಲಿ ಈಗ ಪ್ರಶ್ನೆ ಕೇಳುವವರಿಲ್ಲ. ಬರೆದುಕೊಳ್ಳುತ್ತಾರೆ, ತಲೆ ತಗ್ಗಿಸಿ, ನಾನು ಕೆಮ್ಮಿದರೂ ಬರೆದುಕೊಳ್ಳುತ್ತಾರೇನೋ. ನಮ್ಮ ವಿಭಾಗದ ಚಿಕ್ಕ ವಯಸ್ಸಿನ ಅಧ್ಯಾಪಕರು ಪಾಠದ ಪಟ್ಟಿಯಿಂದ ಒಂದೊಂದೇ ಪುಸ್ತಕವನ್ನು ತಾವಾಗಿಯೇ ಕೈಬಿಡುತ್ತಿದ್ದಾರೆ. ಯಾರೂ ಬೇಡ ಎಂದಿಲ್ಲ, ಯಾರಾದರೂ ಬೇಡ ಎಂದಾರು ಎಂದು. ಕೇಳಿದರೆ, ಸುಮ್ಮನೆ ಯಾಕೆ ಮೇಡಂ ತಲೆನೋವು ಎನ್ನುತ್ತಾರೆ. ಸುತ್ತೋಲೆಯಲ್ಲಿ ಇಲ್ಲದ ನಿಯಮಗಳನ್ನೂ ಜನ ತಾವೇ ಬರೆದುಕೊಂಡು ಪಾಲಿಸುತ್ತಿದ್ದಾರೆ, ಅದಕ್ಕೆ ಕುಲಪತಿ ಬೇಕಾಗಿಲ್ಲ.

ನಮ್ಮ ಚರ್ಚೆಯ ಕೋಣೆಯಲ್ಲಿ ಈಗ ಉತ್ತರಪತ್ರಿಕೆಗಳ ಮೂಟೆ. ಮೊನ್ನೆ ಬಾಗಿಲು ತೆರೆದಿತ್ತು, ಇಣುಕಿದೆ. ಮೇಜಿನ ಮೇಲೆ ಚಾವಣಿಯವರೆಗೆ ಮೂಟೆ ಪೇರಿಸಿದ್ದಾರೆ. ಬಿಸ್ಕತ್ತಿನ ಡಬ್ಬಿ ಕಾಣಲಿಲ್ಲ. ಹುಡುಕಲೂ ಇಲ್ಲ ಬಿಡು, ಅಂಗಡಿಗೆ ಹೋದರೆ ಅಂಥ ಡಬ್ಬಿ ಬೇಕಾದಷ್ಟು ಸಿಗುತ್ತವೆ.

ನಿನಗೆ ಅನ್ನಿಸಬಹುದು, ನಾಲ್ಕು ತಿಂಗಳಲ್ಲಿ ನಿವೃತ್ತಿಯಾಗುವವಳು ಇಷ್ಟು ಯಾಕೆ ಮನಸ್ಸಿಗೆ ಹಚ್ಚಿಕೊಳ್ಳಬೇಕು ಎಂದು. ನನ್ನ ಹೆಸರು ಹಾಳಾದದ್ದಕ್ಕೆ ದುಃಖವಿಲ್ಲ ಎಂದರೆ ನೀನು ನಂಬುವುದಿಲ್ಲ. ಇದೆ, ಬೇಕಾದಷ್ಟಿದೆ. ಆದರೆ ಅದಕ್ಕಿಂತ ಹೆಚ್ಚಾಗಿ, ನನ್ನದೇ ಮಾತಿನಿಂದ ನನ್ನದೇ ಕೋಣೆಗೆ ಬೀಗ ಹಾಕಿದರಲ್ಲ, ಆ ಬೀಗದ ಮೇಲೆ ನನ್ನ ಹೆಸರಿದೆಯಲ್ಲ. ನಾಳೆ ಇನ್ನೊಂದು ವಿಶ್ವವಿದ್ಯಾಲಯದವರೂ ಇದನ್ನೇ ಎತ್ತಿ ಬಳಸುತ್ತಾರೆ. ಅದಕ್ಕೇ ನಿಮ್ಮಲ್ಲಿ ಬಂದು ಹೇಳಬೇಕೆಂದಿದ್ದೆ. ಪರದ ಕಡೆಯಿಂದ ಅವತ್ತು ಹೇಳಿದ್ದಕ್ಕೆಲ್ಲ ವಿರೋಧದ ಕಡೆಯಿಂದ ಒಂದು ಗಂಟೆಯ ಉತ್ತರ ತಯಾರು ಮಾಡಿದ್ದೆ. ಕೊಡೆ ಮಾಮ ಅವತ್ತು ಕೊಡದೆ ಉಳಿಸಿದ ಉತ್ತರ. ಅಡುಗೆ ಮಾಡುವಾಗ, ಬಟ್ಟೆ ಮಡಚುವಾಗ ನಿಮ್ಮಪ್ಪನ ಮುಂದೆ ಹೇಳಿ ಹೇಳಿ ಅವರಿಗೆ ಬಾಯಿಪಾಠವಾಗಿದೆ. ನಡುವೆ ನಾನು ಉಸಿರು ತೆಗೆದುಕೊಂಡರೆ ಮುಂದಿನ ಸಾಲು ಅವರೇ ಹೇಳುತ್ತಾರೆ.

ಸಾಕು, ನಿನ್ನ ತಲೆ ತಿಂದದ್ದು. ಅಳಿಯನನ್ನು ಕೇಳಿದೆನೆಂದು ಹೇಳು. ಅವನು ಕೇಳಿದ್ದ ಹಳೆಯ ಭೂಪಟ ಸಿಕ್ಕಿದೆ, ಮೂಲೆ ಸ್ವಲ್ಪ ಇಲಿ ಕಡಿದಿದೆ. ಚಿಕ್ಕವಳಿಗೆ ಹಲ್ಲು ಬರುವವರೆಗೆ ಗಟ್ಟಿಯಾದದ್ದನ್ನು ಕಡಿಯಬೇಡ ಎಂದು ಹೇಳು. ನೀನು ಹೊತ್ತುಹೊತ್ತಿಗೆ ಊಟ ಮಾಡು, ನಿಂತುಕೊಂಡು ತಿನ್ನುವುದು ಊಟವಲ್ಲ. ಕೆಲಸ ಬೇಗ ಖಾಯಂ ಆಗಲಿ. ಎಲ್ಲಿ ಹೋದರೂ ನಿನ್ನ ಮಾತನ್ನು ಕೇಳುವವರು ಸಿಗಲಿ, ನಿನಗೆ ಎದುರು ಹೇಳುವವರೂ ಸಿಗಲಿ. ನನ್ನ ಆಶೀರ್ವಾದ ಯಾವಾಗಲೂ ನಿನ್ನ ಮೇಲೆ ಇದ್ದೇ ಇರುತ್ತದೆ, ಅದರಲ್ಲಿ ಸಂಶಯ ಬೇಡ.

ಪ್ರೀತಿಯಿಂದ,
ನಿನ್ನ
ಅಮ್ಮ

ತಾ.ಕ.: ಲಕೋಟೆಗೆ ಹಾಕಿ ಅಂಟಿಸುವ ಮುಂಚೆ ಮತ್ತೆ ಹೊರಗೆ ತೆಗೆದಿದ್ದೇನೆ. ಇದನ್ನು ಬರೆಯದೆ ಕಳಿಸಿದರೆ ನಾನೂ ಎದುರು ಹೇಳದೆ ಉಳಿದವರ ಹಾಗೆಯೇ ಆಗುತ್ತೇನೆ.

ಉಪನ್ಯಾಸ ಗೊತ್ತುಮಾಡಿದ್ದ ನಿಮ್ಮ ವಿಭಾಗದ ಆ ಹೊಸ ಅಧ್ಯಾಪಕ ಹೋದ ವಾರ ನನಗೆ ಫೋನ್ ಮಾಡಿದ್ದ. ಚಾವಣಿಗೆ ಏನೂ ಆಗಿಲ್ಲವಂತೆ. ಸುಳ್ಳು ಬರೆದು ಮನಸ್ಸಿಗೆ ಸಮಾಧಾನವಿಲ್ಲ ಎಂದ. "ಅಮ್ಮನ್ನ ಈಗ ಕರೆಯೋದು ಬೇಡ, ಕರೆದ್ರೆ ನಮಗೆಲ್ಲ ತೊಂದ್ರೆ ಅಂತ ನಿಮ್ಮ ಮಗಳೇ ಬಂದು ಹೇಳಿದ್ರು ಮೇಡಂ" ಎಂದ. ನಾನು ಏನೆಂದೆ ಗೊತ್ತೇ? ಹೌದಪ್ಪ, ನಾನೇ ಅವಳಿಗೆ ಹಾಗೆ ಹೇಳು ಅಂದಿದ್ದೆ ಎಂದೆ. ನನ್ನ ಮಗಳು ಅವನ ಕಣ್ಣಿನಲ್ಲಿ ಸಣ್ಣವಳಾಗಬಾರದಲ್ಲ.

ನಿಮ್ಮಪ್ಪನಿಗೆ ಹೇಳಿಲ್ಲ. ರಿಪೇರಿ ಯಾವಾಗ ಮುಗಿಯುತ್ತದೆ ಎಂದು ದಿನವೂ ಕೇಳುತ್ತಾರೆ.

ನಿನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ, ನನಗೆ ಗೊತ್ತು. ಮನೆಯಿದೆ, ಮಗುವಿದೆ, ನನ್ನ ಹೆಸರು ಈಗ ಕೆಸರು. ಫೋನ್ ಎತ್ತಿ 'ಅಮ್ಮಾ, ಬರಬೇಡ' ಎಂದಿದ್ದರೆ ಜ್ವರ ಬಂತೆಂದು ನಾನೇ ಬರೆದು ಕಳಿಸುತ್ತಿದ್ದೆ. ನೀನು ಅವರ ಹತ್ತಿರ ಹೋದೆ, ನನ್ನ ಹತ್ತಿರ ಬರಲಿಲ್ಲ. ಕೊಡೆ ಮಾಮನ ಮೇಲೆ ಇಷ್ಟು ಪುಟ ಬರೆದೆನಲ್ಲ, ಅವನು ಮಾಡಿದ್ದಕ್ಕೆ ನಾನು ಒಂದು ದಿನವೂ ಅತ್ತಿರಲಿಲ್ಲ.

ನನ್ನ ಎದುರು ಕೂತು ವಾದ ಮಾಡಬೇಕಿತ್ತು ಮಗಳೇ. ನಿನ್ನ ಮುಂದೆ ನಾನು ಸೋಲುತ್ತಿದ್ದೆ.